ಮನಸ್ಸಿಗೆ ಸಾಕ್ಷಿ ಹೇಳಿದ ಹಳೆಯ ಪುಸ್ತಕಗಳು

ವೈದ್ಯನೊಬ್ಬನ ಕಪಾಟಿನಲ್ಲಿ ವೈದ್ಯಶಾಸ್ತ್ರದ ಗ್ರಂಥಗಳಿರುವುದು ಸಹಜ. ಆದರೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ದಂಡೆಯಲ್ಲಿ, ಕ್ಯುಸ್ನಾಖ್ಟ್ ಎಂಬಲ್ಲಿ ಮನೋವೈದ್ಯ ಕಾರ್ಲ್ ಗುಸ್ಟಾವ್ ಯೂಂಗ್ (1875–1961) ಕಟ್ಟಿಸಿದ ಮನೆಯ ಗ್ರಂಥಾಲಯದಲ್ಲಿ 16 ಮತ್ತು 17ನೇ ಶತಮಾನಗಳ ರಸವಿದ್ಯೆಯ ಪುಸ್ತಕಗಳು ಸಾಲುಗಟ್ಟಿ ನಿಂತಿದ್ದವು. ಕೀಳು ಲೋಹವನ್ನು ಚಿನ್ನ ಮಾಡಹೊರಟವರ, ವಿಜ್ಞಾನ ಎಂದೋ ಕೈಬಿಟ್ಟ ಪುಸ್ತಕಗಳವು. ಮನೋರೋಗಿಗಳಿಗೆ ಚಿಕಿತ್ಸೆ ನೀಡುವವನಿಗೆ ಇವುಗಳಿಂದ ಏನಾಗಬೇಕಿತ್ತು?

ಉತ್ತರಕ್ಕೆ 1913ರತ್ತ ಹೊರಳಬೇಕು. ಆ ವರ್ಷ ಫ್ರಾಯ್ಡ್ ಮತ್ತು ಯೂಂಗ್‌ರ ಸ್ನೇಹ ಮುರಿಯಿತು. ಫ್ರಾಯ್ಡನಿಗೆ ಅಪ್ರಜ್ಞೆಯೆಂದರೆ ಮುಖ್ಯವಾಗಿ ವ್ಯಕ್ತಿ ಅದುಮಿಟ್ಟ ಆಸೆಗಳ ಉಗ್ರಾಣ. ಅದರ ಕೆಳಗೆ ಮನುಕುಲಕ್ಕೆಲ್ಲ ಸಮಾನವಾದ ಇನ್ನೊಂದು ಪದರವಿದೆ, ಪುರಾಣಗಳೂ ಕನಸುಗಳೂ ಅಲ್ಲಿಂದಲೇ ಹುಟ್ಟುತ್ತವೆ ಎಂಬುದು ಯೂಂಗ್‌ನ ವಾದ. ಆ ಪದರಕ್ಕೆ ಅವನಿಟ್ಟ ಹೆಸರು ಸಾಮೂಹಿಕ ಅಪ್ರಜ್ಞೆ; ತನ್ನ ಮಾರ್ಗಕ್ಕೆ ಇಟ್ಟದ್ದು ವಿಶ್ಲೇಷಣಾತ್ಮಕ ಮನೋವಿಜ್ಞಾನ.

ಅದೇ ವರ್ಷದಿಂದ ಅವನಿಗೆ ಭಯಂಕರ ದೃಶ್ಯಗಳು ಕಾಣತೊಡಗಿದವು. ಅವನ್ನೆಲ್ಲ ಕೆಂಪು ಹೊದಿಕೆಯ ದಪ್ಪ ಪುಸ್ತಕವೊಂದರಲ್ಲಿ ಚಿತ್ರಸಹಿತ ಬರೆದಿಟ್ಟ. ಇದು ಹುಚ್ಚೋ, ಮನುಷ್ಯ ಮನಸ್ಸಿನ ಸ್ವಭಾವವೋ? ತಾನೊಬ್ಬನೇ ಕಂಡದ್ದಾದರೆ ಅದಕ್ಕೆ ಬೆಲೆಯಿಲ್ಲ. ತನಗಿಂತ ಹಿಂದಿನವರೂ ಕಂಡಿದ್ದರೆಂಬ ಸಾಕ್ಷಿ ಬೇಕಿತ್ತು.

1928ರಲ್ಲಿ ಚೀನಾ ಅಧ್ಯಯನದ ಜರ್ಮನ್ ವಿದ್ವಾಂಸ ರಿಚರ್ಡ್ ವಿಲ್ಹೆಲ್ಮ್, 'ಸುವರ್ಣ ಪುಷ್ಪದ ರಹಸ್ಯ' ಎಂಬ ಚೀನೀ ಗ್ರಂಥದ ಅನುವಾದವನ್ನು ಕಳುಹಿಸಿದ. ಅದನ್ನೋದಿದ ಯೂಂಗ್, ರಸವಿದ್ಯೆಯ ಪುಸ್ತಕಗಳು ಸಿಕ್ಕರೆ ತಿಳಿಸುವಂತೆ ಮ್ಯೂನಿಕ್‌ನ ಪುಸ್ತಕ ವ್ಯಾಪಾರಿಗೆ ಹೇಳಿದ. ಹೀಗೆ ಬಂದದ್ದು 1593ರ 'ಆರ್ಟಿಸ್ ಆರಿಫೆರೇ'. ಸುಮಾರು ಎರಡು ವರ್ಷ ಅವನು ಅದರ ಚಿತ್ರಗಳನ್ನಷ್ಟೇ ನೋಡಿದ; ಬರಹ ಅರ್ಥಹೀನವೆನಿಸಿತ್ತು. ಕ್ರಮೇಣ ಕೆಲವು ಮಾತುಗಳು ಪುಸ್ತಕದಿಂದ ಪುಸ್ತಕಕ್ಕೆ ಮರುಕಳಿಸುವುದು ಕಂಡಿತು. ನಿಘಂಟು ಕಟ್ಟುವವನಂತೆ ಅವನ್ನು ಪಟ್ಟಿಮಾಡುತ್ತ ಕೂತ. ಅವನು ತಲುಪಿದ ತೀರ್ಮಾನ ಇದು: ವಸ್ತುವಿನ ಗುಣ ತಿಳಿಯದ ರಸವಾದಿ, ಮೂಸೆಯೊಳಗೆ ಕಂಡದ್ದು ತನ್ನ ಮನಸ್ಸಿನದೇ ನಾಟಕವನ್ನು.

1944ರಲ್ಲಿ 'ಮನೋವಿಜ್ಞಾನ ಮತ್ತು ರಸವಿದ್ಯೆ' ಪ್ರಕಟವಾಯಿತು. ಅದರಲ್ಲಿ ವಿಜ್ಞಾನಿಯೊಬ್ಬನ ಕನಸುಗಳನ್ನು ಹಳೆಯ ಚಿತ್ರಗಳ ಪಕ್ಕದಲ್ಲಿಟ್ಟು ನೋಡಲಾಗಿದೆ. ಆ ಹೆಸರಿಲ್ಲದ ವಿಜ್ಞಾನಿ ಭೌತವಿಜ್ಞಾನಿ ವುಲ್ಫ್‌ಗಾಂಗ್ ಪೌಲಿ ಎಂಬುದು ಮುಂದೆ ಬೆಳಕಿಗೆ ಬಂತು.

ಯೂಂಗ್ 1937ರ ಕೊನೆಯಲ್ಲಿ ಭಾರತಕ್ಕೆ ಬಂದಾಗಲೂ ರಸವಿದ್ಯೆ ಅವನನ್ನು ಬಿಡಲಿಲ್ಲ. 1602ರ 'ಥಿಯೇಟ್ರಮ್ ಕೆಮಿಕಮ್' ಸಂಪುಟವನ್ನು ಜೊತೆಗೇ ತಂದಿದ್ದ. ಮೈಸೂರಿನ ಮಹಾರಾಜರ ಗುರು ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಚರ್ಚಿಸಿದ. ಸಾಧುಸಂತರ ದರ್ಶನವನ್ನು ಮಾತ್ರ ಬೇಕೆಂದೇ ತಪ್ಪಿಸಿದ. ತನ್ನ ಸತ್ಯವನ್ನು ತಾನೇ ಕಂಡುಕೊಳ್ಳಬೇಕು, ಎರವಲು ತರಬಾರದು ಎಂಬುದು ಅವನ ನಿಲುವು.

ಆದರೆ ಪುಸ್ತಕಗಳ ಸಾಕ್ಷ್ಯ ಸಾಕೇ? ಹೋಲಿಕೆಯಿದ್ದ ಮಾತ್ರಕ್ಕೆ ಆನುವಂಶಿಕ ಪದರವೊಂದಿದೆ ಎಂದಾಗುವುದಿಲ್ಲ ಎಂಬುದು ಟೀಕಾಕಾರರ ಆಕ್ಷೇಪ. ಬಾಲ್ಯದಲ್ಲಿ ಕೇಳಿದ ಕತೆ, ನೋಡಿ ಮರೆತ ಚಿತ್ರ ಕನಸಿನಲ್ಲಿ ಹೊಸದರಂತೆ ಮೂಡಬಹುದು. ಸೋಜಿಗವೆಂದರೆ, ಓದಿ ಮರೆತದ್ದು ಸ್ವಂತದ್ದೆಂಬಂತೆ ಮರಳುವ ಬಗೆಯನ್ನು ಕುರಿತು 1905ರಲ್ಲೇ ಲೇಖನ ಬರೆದವನು ಸ್ವತಃ ಯೂಂಗ್! ಆ ಪ್ರಶ್ನೆಯನ್ನು ಅವನ ಗ್ರಂಥಾಲಯವೂ ಪೂರ್ತಿಯಾಗಿ ಬಗೆಹರಿಸಲಿಲ್ಲ.

ದಶಕಗಳ ಕಾಲ ಮರೆಯಲ್ಲಿದ್ದ ಕೆಂಪು ಪುಸ್ತಕ 2009ರಲ್ಲಿ ಪ್ರಕಟವಾಯಿತು. ಈಗ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಬಹುದು: ಒಂದು, ಮನುಷ್ಯನೊಬ್ಬ ಕಂಡದ್ದು, ಇನ್ನೊಂದು, ತಾನು ಒಂಟಿಯಲ್ಲ ಎಂದು ತಿಳಿಯಲು ಅವನು ಹುಡುಕಿದ್ದು. ಸಿದ್ಧಾಂತ ನಿಲ್ಲಲಿ, ಬೀಳಲಿ, ಆ ಹುಡುಕಾಟ ಓದುಗರೆಲ್ಲರಿಗೂ ಪರಿಚಿತವೇ.