ಯುದ್ಧಕಾಲದ ವಿಮಾನ ಕಾರ್ಖಾನೆ, ಬರ್ಲಿನ್ನಿನಿಂದ ಬಂದ ವಾಸ್ತುಶಿಲ್ಪಿ

2001ರಲ್ಲಿ ತೆರೆದ ಎಚ್‌ಎಎಲ್ ವಸ್ತುಸಂಗ್ರಹಾಲಯ ಹೇಳುವ ಕಥೆ ಶುರುವಾಗುವುದು 1940ರ ಡಿಸೆಂಬರಿನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಮುಂದೆ ಎಚ್‌ಎಎಲ್ ಆದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಕಟ್ಟಿದರು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಸೇರಿತು. ಯುದ್ಧವಿಮಾನಗಳು ಇಲ್ಲಿ ದುರಸ್ತಿಯಾದವು. ಕ್ಯಾಟಲಿನಾ ಎಂಬ ನೀರ್ವಿಮಾನಗಳು ಬೆಳ್ಳಂದೂರು ಕೆರೆಯಲ್ಲೇ ಇಳಿಯುತ್ತಿದ್ದವು.

ಅದೇ ಹೊತ್ತಿಗೆ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಈ ಊರಿನಲ್ಲಿದ್ದರು. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ. 1933ರಲ್ಲಿ ನಾಜಿಗಳು ಅವರ ಸರ್ಕಾರಿ ಕೆಲಸ ಕಿತ್ತುಕೊಂಡರು. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಕೂಡ ಅದೇ ವರ್ಷ ಗಾಟಿಂಗೆನ್‌ನ ಹುದ್ದೆ ಕಳೆದುಕೊಂಡಿದ್ದರು, ಸಿ.ವಿ. ರಾಮನ್ ಕರೆದದ್ದರಿಂದ 1935-36ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಕೆಲವು ತಿಂಗಳು ಪಾಠ ಹೇಳಿದರು. ಸೋದರಳಿಯ ಈಜಿಪ್ಟ್ ಸುತ್ತಿ 1939ರಲ್ಲಿ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು.

ತನ್ನ ನೆಲದಲ್ಲೇ ಬೇಡವಾದವನಿಗೆ ಒಂದು ಸಂಸ್ಥಾನ ತನ್ನ ಕಟ್ಟಡಗಳನ್ನೇ ನಂಬಿ ಒಪ್ಪಿಸಿತು. ಬೆಂಗಳೂರು ಇದನ್ನು ಹೆಮ್ಮೆಯಿಂದ ನೆನೆಯಬೇಕು. ವಿಮಾನಗಳನ್ನು ರೂಪಿಸುವ ಎಂಜಿನಿಯರುಗಳ ತರಬೇತಿಗೆಂದು 1942ರಲ್ಲಿ ಅದೇ ಇನ್‌ಸ್ಟಿಟ್ಯೂಟ್‌ನಲ್ಲಿ ಆರಂಭವಾದ ವೈಮಾನಿಕ ವಿಭಾಗದ ಕಟ್ಟಡ ಕೋನಿಗ್ಸ್‌ಬರ್ಗರ್ ಅವರ ವಿನ್ಯಾಸ.