ಮೈಸೂರು ಸೀಮೆಯಲ್ಲಿ ಠೇವಣಿಯೂ ಮನೆಸಾಲವೂ

ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲಿನಂತಹ ವರ್ತಕರ ಊರುಗಳಲ್ಲಿ ಹಣವನ್ನು ನಂಬಿ ಇಡುವುದೂ, ಹೊಲಮನೆಗಳನ್ನು ಆಧಾರಮಾಡಿ ಸಾಲ ತರುವುದೂ ಬಹುಕಾಲದ ವ್ಯವಹಾರಗಳು. ಆ ನಂಬಿಕೆಗೆ ಕಾಯಿದೆಯ ಕಾವಲು ಒದಗಿಬಂದ ಬಗೆಯು ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ವಿಚಾರಾರ್ಹವಾದ ಸಂಗತಿಯಾಗಿದೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ರೈತರ ಋಣಬಾಧೆಯನ್ನು ನೀಗಿಸುವ ಸದುದ್ದೇಶದಿಂದ ವ್ಯವಸಾಯ ಬ್ಯಾಂಕುಗಳು ಹುಟ್ಟಿದವು. ಸರ್ಕಾರವು ಬೊಕ್ಕಸದಿಂದ ಹಣವಿತ್ತು, ಆಡಳಿತವನ್ನು ಬಹುಮಟ್ಟಿಗೆ ಸದಸ್ಯರಿಗೇ ಬಿಟ್ಟಿತು. ಸಾಲಗಳು ಬಾಕಿಯಾಗಿ ನಿಂತವು, ಬ್ಯಾಂಕುಗಳು ಬಾಳಲಿಲ್ಲ. ತನ್ನದಲ್ಲದ ಹಣವನ್ನು ಹಂಚುವಾಗ ಕೈ ಸಡಿಲವಾಗುವುದು ಲೋಕಸ್ವಭಾವವಷ್ಟೆ.

ಬ್ರಿಟಿಷ್ ಇಂಡಿಯಾದ 1904ರ ಶಾಸನವನ್ನು ಅನುಸರಿಸಿ 1905ರಲ್ಲಿ ಮೈಸೂರಿನಲ್ಲಿಯೂ ಸಹಕಾರ ಸಂಘಗಳ ರೆಗ್ಯುಲೇಷನ್ ಜಾರಿಗೆ ಬಂದಿತು. ಸಂಘಗಳನ್ನು ದಾಖಲೆಮಾಡುವುದಕ್ಕೂ, ಅವುಗಳ ಲೆಕ್ಕವನ್ನು ತನಿಖೆಮಾಡಿಸುವುದಕ್ಕೂ ರಿಜಿಸ್ಟ್ರಾರರ ಮೇಲ್ವಿಚಾರಣೆ ಏರ್ಪಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿಯೇ ಬೆಂಗಳೂರು ಸಿಟಿ ಸಹಕಾರ ಸಂಘವು ಸ್ಥಾಪಿತವಾಯಿತು.

ಇಷ್ಟರಲ್ಲಿ 1898ರ ಪ್ಲೇಗು ಬೆಂಗಳೂರಿನ ಇಕ್ಕಟ್ಟಾದ ಪೇಟೆಗಳನ್ನು ನಡುಗಿಸಿತ್ತು. ಬಸವನಗುಡಿ, ಮಲ್ಲೇಶ್ವರಗಳಲ್ಲಿ ನಿವೇಶನಗಳೇನೋ ಎದ್ದವು. ಆದರೆ ಸಂಬಳದಿಂದ ಜೀವಿಸುವ ಗೃಹಸ್ಥನು ಮನೆ ಕಟ್ಟಲು ಒಂದೇ ಗಂಟಿನಲ್ಲಿ ಹಣವನ್ನು ಎಲ್ಲಿಂದ ತರಬೇಕು? 1909ರಲ್ಲಿ ಹುಟ್ಟಿದ ಬೆಂಗಳೂರು ಕಟ್ಟಡ ಸಹಕಾರ ಸಂಘವು ಇಂತಹ ಅಗತ್ಯಕ್ಕೆ ಉತ್ತರವಾಯಿತು. ಭಾರತದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಅದನ್ನು ಎಣಿಸುವುದುಂಟು.

ಆದರೆ ಮನೆಸಾಲಕ್ಕೆ ಒಂದು ಸಹಜವಾದ ತೊಡಕುಂಟು. ಠೇವಣಿಯಿಟ್ಟವನು ಮಗಳ ಮದುವೆಗೋ ಔಷಧಕ್ಕೋ ನಾಳೆಯೇ ಹಣ ಕೇಳಬಹುದು. ಗೋಡೆಯಾಗಿ ನಿಂತ ಹಣವು ಮರಳುವುದಕ್ಕೆ ಹತ್ತಾರು ವರ್ಷ ಬೇಕು. ಇವೆರಡನ್ನೂ ಸರಿದೂಗಿಸದ ಸಂಸ್ಥೆಯು ಒಂದು ಗಾಳಿಮಾತಿಗೇ ಉರುಳೀತು. 1929ರಲ್ಲಿ ಮೈಸೂರಿನಲ್ಲಿ ಏರ್ಪಟ್ಟ ಭೂ ಅಡಮಾನ ಬ್ಯಾಂಕು ರೈತರಿಗಾಗಿ ಹುಟ್ಟಿದ್ದಾದರೂ, ದೀರ್ಘಾವಧಿಯ ಸಾಲಕ್ಕೆ ದೀರ್ಘಾವಧಿಯ ಸಾಲಪತ್ರಗಳಿಂದಲೇ ಹಣ ಕೂಡಿಸಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು.

ಬ್ಯಾಂಕಿಂಗ್ ಕಂಪನಿಗಳ ಶಾಸನವು 1949ರಲ್ಲಿ ಬಂದಿತು; 1966ರಲ್ಲಿ ಸಹಕಾರಿ ಬ್ಯಾಂಕುಗಳೂ ಅದರ ವ್ಯಾಪ್ತಿಗೆ ಸೇರಿದವು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುರಿದುಬಿದ್ದ ತರುವಾಯ, 1962ರಲ್ಲಿ ಠೇವಣಿಗಳಿಗೆ ವಿಮೆಯ ರಕ್ಷಣೆ ದೊರೆಯಿತು. ಆಗ 1,500 ರೂಪಾಯಿಗಳಷ್ಟಿದ್ದ ಅದರ ಮಿತಿಯು 2020ರಲ್ಲಿ 5 ಲಕ್ಷಕ್ಕೆ ಏರಿತು. ಮನೆಸಾಲದ ಸಂಸ್ಥೆಗಳಿಗಾಗಿ ರಾಷ್ಟ್ರೀಯ ವಸತಿ ಬ್ಯಾಂಕು 1988ರಲ್ಲಿ ಹುಟ್ಟಿತು.

ಸಾಲ ಕೇಳುವವನು ಎದುರಿಗೆ ಬಂದು ನಿಲ್ಲುತ್ತಾನೆ. ಹಣವಿಟ್ಟವನು ತನ್ನ ಮನೆಯಲ್ಲಿ ನಿಶ್ಚಿಂತನಾಗಿರುತ್ತಾನೆ. ಎದುರಿಗಿಲ್ಲದ ಆತನ ಪರವಾಗಿ ಮಾತನಾಡುವುದೇ ಲೆಕ್ಕತನಿಖೆಯ ಧರ್ಮ. 1894ರ ಬ್ಯಾಂಕುಗಳಿಗೆ ಒದಗದಿದ್ದುದು ಅದೊಂದೇ ಕಾವಲು.