ದೋಣಿಯ ಭಾರ, ಕಾಲುವೆಯ ಬಾಗಿಲು



ಒಂದು ದೋಣಿ ಎಷ್ಟು ಸರಕು ಹೊರಬಲ್ಲದು? ದೋಣಿಯ ಗಾತ್ರದಷ್ಟು ಎಂದು ನೀವು ಹೇಳಬಹುದು. ಹಾಗಾದರೆ ಆ ಗಾತ್ರವನ್ನು ನಿರ್ಧರಿಸುವುದು ಯಾವುದು? ಯುರೋಪಿನ ಕಾಲುವೆಗಳ ಇತಿಹಾಸದಲ್ಲಿ ಇದಕ್ಕೆ ಉತ್ತರವಿದೆ.

ಏರುತಗ್ಗಿನ ನೆಲದಲ್ಲಿ ಕಾಲುವೆ ಸಾಗಬೇಕಾದರೆ 'ಲಾಕ್' ಬೇಕು. ಇದು ಎರಡು ತುದಿಗಳಲ್ಲೂ ಬಾಗಿಲುಗಳಿರುವ ದೊಡ್ಡ ತೊಟ್ಟಿ. ದೋಣಿ ಒಳಬಂದ ಮೇಲೆ ನೀರು ತುಂಬಿಸಿ ಅದನ್ನು ಮೇಲೆತ್ತುತ್ತಾರೆ, ಇಲ್ಲವೇ ನೀರು ಹೊರಬಿಟ್ಟು ಕೆಳಗಿಳಿಸುತ್ತಾರೆ. ಈ ತೊಟ್ಟಿಯಲ್ಲಿ ಹಿಡಿಸದ ದೋಣಿಗೆ ಆ ಕಾಲುವೆಯಲ್ಲಿ ದಾರಿಯಿಲ್ಲ.

18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಇಂಜಿನಿಯರ್ ಮಧ್ಯ ಇಂಗ್ಲೆಂಡಿನಲ್ಲಿ ಸುಮಾರು 7 ಅಡಿ ಅಗಲದ ಲಾಕ್‌ಗಳನ್ನು ಯೋಜಿಸಿದರು. ಕಿರಿದಾದ ಲಾಕ್‌ಗೆ ಖರ್ಚೂ ಕಡಿಮೆ, ನೀರೂ ಕಡಿಮೆ. ಆದರೆ ಅದರಲ್ಲಿ ಹಾಯುವ ದೋಣಿ 25-30 ಟನ್ ಮಾತ್ರ ಹೊರಬಲ್ಲದು. ಮುಂದಿನ ಶತಮಾನದಲ್ಲಿ ರೈಲು ಬಂದಾಗ ಈ ಪುಟ್ಟ ದೋಣಿಗಳು ಪೈಪೋಟಿಯಲ್ಲಿ ಹಿಂದೆ ಬಿದ್ದವು.

ಫ್ರಾನ್ಸಿನ ಸಮಸ್ಯೆ ಬೇರೆ. ಅಲ್ಲಿ ಒಂದೊಂದು ಕಾಲುವೆಯ ಲಾಕ್‌ಗೂ ಒಂದೊಂದು ಅಳತೆ. ಲೋಕೋಪಯೋಗಿ ಸಚಿವ ಶಾರ್ಲ್ ದ ಫ್ರೇಸಿನೆ 1879ರ ಆಗಸ್ಟ್ 5ರ ಕಾನೂನಿನ ಮೂಲಕ ಮುಖ್ಯ ಜಲಮಾರ್ಗಗಳಿಗೆಲ್ಲ ಒಂದೇ ಅಳತೆ ವಿಧಿಸಿದರು. ಲಾಕ್‌ನ ಅಗಲ 5.2 ಮೀಟರ್, ಉದ್ದ ಸುಮಾರು 39 ಮೀಟರ್. ಇದಕ್ಕೆ ಹೊಂದುವಂತೆ ಕಟ್ಟಿದ 'ಪೆನಿಶ್' ದೋಣಿ 300ರಿಂದ 350 ಟನ್ ಸರಕು ಸಾಗಿಸಿತು. ಹತ್ತು ಟನ್ ಹೊರುವ ಲಾರಿಗಳಾದರೆ ಕನಿಷ್ಠ ಮೂವತ್ತು ಬೇಕು ಎಂಬುದನ್ನು ಗಮನಿಸಿ.

ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್‌ನಲ್ಲಿ ರೂಢಿಗೆ ಬಂದ 'ಕೆಂಪೆನಾರ್' ದೋಣಿಯ ಸಾಮರ್ಥ್ಯ 400ರಿಂದ 650 ಟನ್. ಜರ್ಮನಿ ಇನ್ನೂ ಮುಂದೆ ಹೋಯಿತು. 1899ರಲ್ಲಿ ತೆರೆದ ಡಾರ್ಟ್‌ಮುಂಡ್-ಎಮ್ಸ್ ಕಾಲುವೆಯ ಹೆಸರು 650ರಿಂದ 1,000 ಟನ್ನಿನ ದೋಣಿಗಳ ವರ್ಗಕ್ಕೆ ಬಂತು. 1914ರಲ್ಲಿ ತೆರೆದ ರೈನ್-ಹೆರ್ನೆ ಕಾಲುವೆಯ ಹೆಸರು 1,000ರಿಂದ 1,500 ಟನ್ನಿನ ವರ್ಗಕ್ಕೆ ಅಂಟಿಕೊಂಡಿತು. ಯುರೋಪಿನ ಸಾರಿಗೆ ಸಚಿವರ ಸಮ್ಮೇಳನವು 1992ರಲ್ಲಿ ಪರಿಷ್ಕರಿಸಿದ ಜಲಮಾರ್ಗಗಳ ವರ್ಗೀಕರಣದಲ್ಲಿ ಇವು ಕ್ರಮವಾಗಿ ಎರಡು, ಮೂರು ಮತ್ತು ನಾಲ್ಕನೇ ವರ್ಗಗಳು. ಪೆನಿಶ್‌ನದು ಮೊದಲನೆಯದು.

ಬಾಗಿಲು ಅಗಲವಿದ್ದರೆ ಸಾಲದು, ನೀರೂ ಬೇಕು. 2018 ಮತ್ತು 2022ರ ಬರದಲ್ಲಿ ರೈನ್ ನದಿಯ ನೀರು ಇಳಿದಾಗ ದೊಡ್ಡ ಹಡಗುಗಳು ಸಾಮರ್ಥ್ಯದ ಒಂದು ಭಾಗವನ್ನಷ್ಟೇ ತುಂಬಿಕೊಂಡು ಸಾಗಬೇಕಾಯಿತು. ಆಗ ಕಡಿಮೆ ಆಳದಲ್ಲಿ ತೇಲುವ ದೋಣಿಗಳ ಬೆಲೆ ತಿಳಿಯಿತು.

ವಿದ್ಯಾರ್ಥಿಗಳೇ, ಇಂಗ್ಲೆಂಡಿನ ಆ ಕಿರಿದಾದ ಲಾಕ್‌ಗಳಲ್ಲಿ ಇಂದಿಗೂ ಸುಮಾರು ಏಳು ಅಡಿಗಿಂತ ಅಗಲದ ದೋಣಿ ಹೋಗಲಾರದು. ಫ್ರಾನ್ಸಿನ ಹಲವು ಕಾಲುವೆಗಳಲ್ಲಿ ಇಂದಿಗೂ 1879ರ ಅಳತೆಯೇ ನಡೆಯುತ್ತಿದೆ. ಒಂದು ತಲೆಮಾರು ಕಟ್ಟಿದ ಬಾಗಿಲಿನ ಅಳತೆಗೆ ಮುಂದಿನ ಹಲವು ತಲೆಮಾರುಗಳು ಹೊಂದಿಕೊಳ್ಳಬೇಕಾಗುತ್ತದೆ. ನಾಳೆ ನೀವು ಇಂಜಿನಿಯರ್ ಆಗಲಿ, ಅಧಿಕಾರಿಯಾಗಲಿ, ಏನನ್ನಾದರೂ ಕಟ್ಟಲು ಹೊರಟಾಗ ಈ ಮಾತು ನೆನಪಿರಲಿ.